ಅನುಸೂಯಮ್ಮನ ಹದಿನಾರು ಹಗ್ಗ

ಜಾವಗಲ್ ಸುತ್ತಿನ ನಲವತ್ತು ಹಳ್ಳಿಯಲ್ಲಿ ಕೋಲಾಟ ಅಂದರೆ ಲಕ್ಕಪ್ಪ, ಲಕ್ಕಪ್ಪ ಅಂದರೆ ಕೋಲಾಟ. ಆ ಲಕ್ಕಪ್ಪ ನಾನೇ. ಪ್ರಾಯದಲ್ಲಿ ನಾನು ಕೋಲು ಹೊಡೆದರೆ ಹಳೇಬೀಡಿನ ಗೋಡೆ ಮೇಲಿನ ಆನೆಗಳು ಸಾಲು ತಪ್ಪುತ್ತಿದ್ದವು. ಬೇಲೂರಿನಲ್ಲಿ ಕನ್ನಡಿ ಹಿಡಿದು ನಿಂತ ಕಲ್ಲಿನ ಹುಡುಗಿ ಕನ್ನಡಿ ಕೆಳಗಿಟ್ಟು ನನ್ನನ್ನು ನೋಡಿದ್ದನ್ನು ಕಣ್ಣಾರೆ ಕಂಡವರಿದ್ದರು. ಈಗ ಒಬ್ಬರೂ ಬದುಕಿಲ್ಲ, ಅಷ್ಟೇ. ಅದರಲ್ಲೂ ಜಡೆ ಕೋಲಾಟಕ್ಕೆ ನನ್ನ ಬಿಟ್ಟರಿಲ್ಲ. ಮರದ ಕೊಂಬೆಯಿಂದ ಹಗ್ಗ ಇಳಿಬಿಟ್ಟು, ಒಬ್ಬೊಬ್ಬರು ಒಂದು ಕೈಲಿ ಹಗ್ಗ, ಇನ್ನೊಂದರಲ್ಲಿ ಕೋಲು ಹಿಡಿದು, ಅರ್ಧ ಜನ ಎಡಕ್ಕೆ, ಅರ್ಧ ಜನ ಬಲಕ್ಕೆ ಕುಣಿಯುತ್ತ ಜಡೆ ಹೆಣೆಯಬೇಕು. ಆಮೇಲೆ ಅದೇ ಹೆಜ್ಜೆ ಹಿಂದಕ್ಕೆ ಹಾಕಿ ಬಿಚ್ಚಬೇಕು. ನಾನು ಬಿಚ್ಚಲಾಗದ ಗಂಟು ಇನ್ನೂ ಹುಟ್ಟಿಲ್ಲ ಅಂತ ಮೂವತ್ತು ವರ್ಷ ಮೀಸೆ ತಿರುವಿದ್ದೇನೆ.

ಅಂಥ ನನ್ನ ಹೊಟ್ಟೆಗೆ ಬೆಂಕಿ ಇಟ್ಟವಳು ಶಾಲೆಯ ಬಿಸಿಯೂಟದ ಅನುಸೂಯಮ್ಮ.

ಹಳೇಬೀಡಿನ ಕಡೆಯಿಂದ ಮದುವೆಯಾಗಿ ಬಂದವಳು. ಗಂಡ ಹೋದ ಮೇಲೆ ಹದಿನೆಂಟು ವರ್ಷದಿಂದ ಊರ ಮಕ್ಕಳಿಗೆಲ್ಲ ಸಾರು ಬಡಿಸುತ್ತಿದ್ದಾಳೆ. ಯಾವ ಹುಡುಗನಿಗೆ ಮನೆಯಲ್ಲಿ ಬೈಗುಳ ಬಿದ್ದಿದೆ ಅನ್ನೋದು ಅವನು ತಟ್ಟೆ ಒಡ್ಡುವ ರೀತಿಯಲ್ಲೇ ಅವಳಿಗೆ ಗೊತ್ತಾಗುತ್ತದೆ.

ನಮ್ಮೂರಲ್ಲಿರೋದು ಎರಡೇ ಬೀದಿ, ಮೇಲಿನ ಬೀದಿ ಮತ್ತು ಕೆರೆ ಬೀದಿ. ಎರಡು ವರ್ಷದ ಹಿಂದೆ ಕುಡಿಯುವ ನೀರಿನ ಪೈಪು ಮೊದಲು ಯಾರ ಬೀದಿಗೆ ಅಂತ ಜಗಳವಾಗಿ, ಕಲ್ಲು ಬಿದ್ದು, ಪೊಲೀಸರು ಬಂದು ಹೋದರು. ಅಂದಿನಿಂದ ಶಾಲೆಯಲ್ಲಿ ಊಟಕ್ಕೆ ಎರಡು ಸಾಲು. ಅರಸೀಕೆರೆಗೆ ಕಾಲೇಜಿಗೆ ಹೋಗೋ ಹುಡುಗರು ಒಂದೇ ಬಸ್ಸಿನಲ್ಲಿ ಎದುರುಬದುರು ಕಿಟಕಿ ನೋಡಿಕೊಂಡು ಹೋಗುತ್ತಿದ್ದರು. ಹೋದ ಬೇಸಿಗೆಯಲ್ಲಿ ಬಿರುಗಾಳಿಗೆ ಕೆರೆ ಬೀದಿಯ ಆರು ಮನೆ ಶೀಟು ಹಾರಿಹೋದಾಗ ನಮ್ಮ ಮೇಲಿನ ಬೀದಿಯ ಗಟ್ಟಿಮುಟ್ಟು ಹುಡುಗರು ಕಾಂಪೌಂಡ್ ಮೇಲೆ ಕೂತು ನೋಡಿದರು. ಅನುಸೂಯಮ್ಮ ಒಬ್ಬಳೇ ಶೀಟು ಹೊತ್ತಳು.

ಅದರ ಮರುವಾರ ಒಂದೊಂದು ಬೀದಿಯಲ್ಲಿ ಎಂಟೆಂಟು ಮನೆ ತಿರುಗಿ, ಮನೆಗೊಂದು ಹಳೇ ಸೀರೆ ಬೇಡಿ ತಂದಳು. ಹೊಸೆದು ಹದಿನಾರು ಹಗ್ಗ ಮಾಡಿದಳು. ಶಾಲೆಯ ಹೊಂಗೆಮರಕ್ಕೆ ಕಟ್ಟಿ, ಬೀದಿಗೆ ಎಂಟರಂತೆ ಹುಡುಗ ಹುಡುಗಿಯರನ್ನು ಕರೆದಳು. ಹೇಗೆ ಒಪ್ಪಿಸಿದಳೋ ಕಾಣೆ. ಅವಳ ಸಾರು ತಿಂದು ಬೆಳೆದವರು ತಾನೆ. ಶಾಲಾ ಸಮಿತಿಯ ಶಿವಯ್ಯ ಒಂದು ಷರತ್ತು ಹಾಕಿದರು: "ಒಂದೇ ಒಂದು ಜಗಳ ಆದ್ರೂ ಗೇಟಿಗೆ ಬೀಗ. ಆಮೇಲೆ ಕೇಳಕ್ಕೆ ಬರಬೇಡ."

ನನ್ನ ತಂಡದಲ್ಲಿ ಆಗ ಉಳಿದಿದ್ದು ಮೂರೇ ಜನ. ಅದರಲ್ಲೊಬ್ಬ ಬೋಂಡಕ್ಕೆ ಬರುತ್ತಿದ್ದ. ಅವಳ ಹತ್ತಿರ ಹದಿನಾರು! ಸಂಜೆ ಸಂಜೆ ಕೋಲಿನ ಸದ್ದು ಕೇಳಿದರೆ ನನ್ನ ಹೊಟ್ಟೆಯೊಳಗೆ ಒಣಮೆಣಸಿನಕಾಯಿ ಒಗ್ಗರಣೆ. ಆ ಉರಿಗೆ ಕಾವಲಿ ಇಟ್ಟಿದ್ದರೆ ಇಡೀ ಹೋಬಳಿಗೆ ದೋಸೆ ಹುಯ್ಯಬಹುದಿತ್ತು.

ತಡೆಯಲಾರದೆ ಒಂದು ಸಂಜೆ ಹೋದೆ. "ಹಾಡು ಸಪ್ಪೆ ಆಯ್ತು ಕಣಮ್ಮ. ನಾನು ಹಾಡ್ತೀನಿ."

"ಹಾಡಣ್ಣ. ಮೆಲ್ಲಗೆ ಹಾಡು, ಹೊಸಬರು."

ಮೆಲ್ಲಗೆ ಹಾಡೋಕೆ ನಾನು ಹೋಗಿದ್ದೆನೇ? ಅರಸೀಕೆರೆಯಲ್ಲಿ ನಿಲ್ಲದ ರೈಲಿನ ಹಾಗೆ ಬಿಟ್ಟೆ. ಎರಡೇ ಸುತ್ತಿಗೆ ಹಗ್ಗಗಳೆಲ್ಲ ಗೋಜಲು.

"ಏಯ್, ಕೆಳಗಿಂದ ಬಾ ಅಂದ್ರೆ ಮೇಲಿಂದ ಬತ್ತೀಯಲ್ಲ!" ಅಂದ ನಮ್ಮ ಬೀದಿಯ ಚೇತನ್‌ಕುಮಾರ್. "ನಿಮ್ಮ ಬೀದಿಯೋರಿಗೆ ದಾರಿ ಬಿಡೋದು ಯಾವತ್ತು ಗೊತ್ತಿತ್ತು?"

ಕೆರೆ ಬೀದಿಯ ಸ್ವಾತಿ ಸುಮ್ಮನಿರುವ ಪೈಕಿಯಲ್ಲ. "ನಿಮ್ಮೋರಿಗೆ ಕಲ್ಲು ಎಸೆಯೋದು ಬಿಟ್ರೆ ಇನ್ನೇನು ಗೊತ್ತು?"

ಕೋಲುಗಳು ಮೇಲೆದ್ದವು. ಗೇಟಿನಲ್ಲಿ ಶಿವಯ್ಯ ಬೀಗ ಹಿಡಿದು ಬರುತ್ತಿದ್ದರು. ಅನುಸೂಯಮ್ಮನ ಮುಖ ಬಿಳುಚಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಹೊಟ್ಟೆ ತಣ್ಣಗಾಯಿತು.

"ಸರೀರ್ಲಾ ಎಲ್ಲ! ಇದು ಗುರುಗಳ ಕೆಲಸ," ಅಂತ ನಡುವೆ ನುಗ್ಗಿದೆ. ಗಂಟಿಗೆ ಕೈ ಹಾಕಿ, "ಎಲ್ಲ ಬಲಕ್ಕೆ ಸುತ್ತಿ!" ಅಂದೆ. ಸುತ್ತಿದರು. ಮೂರು ಸುತ್ತಿಗೆ ಮಂಡಿಯಿಂದ ಮೀಸೆಯವರೆಗೆ ನನ್ನನ್ನೇ ಸುತ್ತಿದ್ದರು.

"ಮಚ್ಚು ತನ್ರೋ! ಕೊಯ್ದು ಹಾಕಿ!" ಅಂತ ಸೀರೆ ಒಳಗಿಂದ ಕೂಗಿದೆ.

"ಕೊಯ್ಯೋದಾದ್ರೆ ಯಾವ ಬೀದಿ ಸೀರೆ ಮೊದಲು ಕೊಯ್ಯಾನ?" ಅಂದಳು ಅನುಸೂಯಮ್ಮ. "ಹಗ್ಗ ಬಿಟ್ಟು ಒಬ್ಬರೂ ಹೋಗಂಗಿಲ್ಲ. ಬಂದ ದಾರೀಲೇ ಹಿಂದಕ್ಕೆ ನಡೀರಿ. ಯಾರು ಎಲ್ಲಿ ತಪ್ಪಿದ್ರೋ ಅವರೇ ಬಾಯಿಬಿಟ್ಟು ಹೇಳಬೇಕು. ಇಲ್ದಿದ್ರೆ ಇದು ಬಿಚ್ಚಲ್ಲ."

ಮೊದಲು ಬಾಯಿಬಿಟ್ಟವನು ಚೇತನ್: "ಎರಡನೇ ಸುತ್ತಲ್ಲಿ ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ."

"ನಾನೂ ನಿನ್ನ ನೋಡ್ದೆ ನುಗ್ಗಿದೆ," ಅಂದಳು ಸ್ವಾತಿ. "ಈಗ ಬಗ್ಗು, ದಾಟ್ತೀನಿ."

ಅವನು ಬಗ್ಗಿದ. ಅವಳು ದಾಟಿದಳು. ಆಮೇಲೆ ಒಬ್ಬೊಬ್ಬರಾಗಿ, ಇಲ್ಲಿ ನಾನು, ಅಲ್ಲಿ ನಾನು ಅಂತ ಒಪ್ಪಿಕೊಳ್ಳುತ್ತ ಹಿಂದಕ್ಕೆ ಹೆಜ್ಜೆ ಹಾಕಿದರು. ಹಗ್ಗ ನನ್ನ ಬಾಯಿಂದ ಕೆಳಗಿಳಿದಾಗ ಅನುಸೂಯಮ್ಮ ನನ್ನನ್ನೇ ನೋಡಿದಳು. "ಇನ್ನೊಬ್ಬರದು ಬಾಕಿ ಐತೆ."

"ಹಾಡು ಓಡಿಸಿದ್ದು ನಾನೇ," ಅಂದೆ. "ಬೇಕೂಂತಲೇ."

ಅಷ್ಟರಲ್ಲಿ ಶಿವಯ್ಯ ಹತ್ತಿರ ಬಂದಿದ್ದರು. "ಏನಮ್ಮ ಇದು, ಜಗಳ ಅಲ್ವಾ?"

"ಯಾವ ಜಗಳ ಸಾರ್? ಲಕ್ಕಪ್ಪ ತಾತನ್ನ ಬಿಚ್ತಾ ಇದ್ದೀವಿ," ಅಂದಳು ಸ್ವಾತಿ.

"ನೀವೂ ಈ ಕಡೆ ಸ್ವಲ್ಪ ಎತ್ತಿ ಹಿಡ್ಕಳಿ ಸಾರ್," ಅಂದ ಚೇತನ್.

ಶಿವಯ್ಯ ಬೀಗವನ್ನು ಜೇಬಿಗೆ ಹಾಕಿಕೊಂಡು ಸೀರೆ ಎತ್ತಿ ಹಿಡಿದರು.

ಇಷ್ಟಾದರೂ ನನ್ನ ಹೊಟ್ಟೆಕಿಚ್ಚು ಆರಿತು ಅಂದುಕೊಂಡಿರಾ? ಪಂಚೆ ಸರಿಮಾಡಿಕೊಂಡು ಅವಳ ಮುಂದೆ ನಿಂತೆ. "ಅನುಸೂಯಮ್ಮ, ನಾನು ನಡುವೆ ಸಿಕ್ಕದೇ ಇದ್ದಿದ್ರೆ ಇವರು ಒಂದಾಗ್ತಿದ್ರಾ? ನಾಳೆಯಿಂದ ನಂಗೂ ಒಂದು ಹಗ್ಗ ಹಾಕು. ಹದಿನೇಳನೇದು."

ಅವಳು ಹಗ್ಗ ಸುತ್ತುತ್ತ, ತಲೆ ಎತ್ತದೆ ಅಂದಳು:

"ಹದಿನೇಳಾದ್ರೆ ಒಬ್ಬರಿಗೆ ಎದುರು ಆಳೇ ಇರಲ್ಲ ಲಕ್ಕಪ್ಪಣ್ಣ. ಕೆರೆ ಬೀದಿಗೆ ಹೋಗಿ ನಿನ್ನಷ್ಟೇ ಹೊಟ್ಟೆ ಉರ್ಕಳ್ಳೋ ಮುದುಕನ್ನ ಒಬ್ಬನ್ನ ಕರ್ಕೊಂಡು ಬಾ, ಹಾಕ್ತೀನಿ."