ಬರೀ ಸಮುದ್ರ ತಾನೇ

ನಮ್ಮ ಊಟದ ಕೋಣೆಯ ಗೋಡೆಯ ಮೇಲೆ ಇಂಗ್ಲೆಂಡಿನ ಡರ್ಹಮ್ ಕೌಂಟಿಯ ಹಳೆಯ ಮ್ಯಾಪ್ ಒಂದಿದೆ. ಬಂದವರು ಮೊದಲು ನೋಡುವುದು ಅದನ್ನೇ. ಆಂಟೀಕ್ ಅಲ್ಲವೇ, ನಿಮ್ಮ ಮನೆತನದ್ದೇ ಎಂದು ಕೇಳುತ್ತಾರೆ. ಗೆಳತಿಯದು ಎಂದು ತಕ್ಷಣ ಹೇಳಬೇಕು. ನಾನು ಸಕ್ಕರೆ ಎಷ್ಟು ಎಂದು ಕೇಳುತ್ತೇನೆ, ಮಾತು ಬೇರೆ ಕಡೆ ಹೋಗಿಬಿಡುತ್ತದೆ.

ಗೆಳತಿ ಇಂಗ್ಲಿಷ್ ಪ್ಲಾಂಟರ್ ಒಬ್ಬರ ಮಗಳು, ಹುಟ್ಟಿದ್ದು ಕೊಡ್ಲಿಪೇಟೆ ಕಡೆಯ ಎಸ್ಟೇಟಿನಲ್ಲಿ. ಉಳಿದ ದೊರೆಗಳೆಲ್ಲ ಗಂಟುಮೂಟೆ ಕಟ್ಟಿದಾಗ ಅವಳಪ್ಪ ಹೋಗಲಿಲ್ಲ, ಆಮೇಲೆ ಅವಳೂ ಹೋಗಲಿಲ್ಲ. ಕಾನ್ವೆಂಟ್ ಹಾಸ್ಟೆಲಿನಲ್ಲಿ ಅವಳ ಮಂಚ ನನ್ನ ಮಂಚದ ಪಕ್ಕ. ನನ್ನ ಇಂಗ್ಲಿಷ್ ಅವಳಿಂದ ಬಂದದ್ದೆಂದು ಜನ ತಿಳಿದಿದ್ದಾರೆ. ಇಂಗ್ಲಿಷ್ ಕಲಿಸಿದ್ದು ಸಿಸ್ಟರುಗಳು. ಇವಳು ಕಲಿಸಿದ್ದು ಎಸ್ಟೇಟಿನ ಕೂಲಿ ಲೈನಿನ ಬೈಗುಳ, ಅಪ್ಪಟ ಕನ್ನಡದಲ್ಲಿ.

ರಜೆಯಲ್ಲಿ ನಾನು ಅವರ ಬಂಗಲೆಗೆ ಹೋದಾಗೆಲ್ಲ ಆ ಮ್ಯಾಪಿನ ಕೆಳಗೇ ಊಟ. ಅದನ್ನು ಓದುವುದು ಹೇಗೆಂದು ಅವಳಪ್ಪ ತೋರಿಸಿಕೊಟ್ಟರು. ಬೆಟ್ಟಗಳು ಕಂಬಳಿಹುಳುಗಳ ಹಾಗೆ ಸಾಲಾಗಿ ಮಲಗಿದ್ದವು. ಶ್ರೀಮಂತರ ಪಾರ್ಕುಗಳ ಸುತ್ತ ಪುಟ್ಟ ಪುಟ್ಟ ಬೇಲಿ. ಕೌಂಟಿಯ ನಾಲ್ಕು ವಾರ್ಡುಗಳಿಗೆ ಗುಲಾಬಿ, ಹಳದಿ, ಹಸಿರು, ನೀಲಿ ಅಂಚು. ಅದೆಲ್ಲ ಕೈಯಿಂದ ಹಚ್ಚಿದ ಬಣ್ಣ, ಒಂದು ಕಡೆ ಗೆರೆ ದಾಟಿ ಚೆಲ್ಲಿತ್ತು. ಹೆಸರು ಬರೆದ ಚೌಕಟ್ಟಿನ ಮೇಲೆ ಬಿಷಪ್ಪರ ಟೋಪಿ. ಕೌಂಟಿಯ ಗಡಿಯಾಚೆ ಮಾತ್ರ ಏನೂ ಇಲ್ಲ, ಪಕ್ಕದ ಕೌಂಟಿಯ ಹೆಸರೊಂದು ಬಿಟ್ಟರೆ ಖಾಲಿ ಕಾಗದ. ಯಾಕೆ ಎಂದು ಕೇಳಿದ್ದಕ್ಕೆ ಅವರು, “ಪಕ್ಕದವರ ಕಾಂಪೌಂಡಿಗೆ ಇಣುಕಬಾರದು. ಗುಡ್ ಮ್ಯಾನರ್ಸ್,” ಎಂದಿದ್ದರು.

ಬಲಗಡೆ ಸಮುದ್ರ. ಅದರಲ್ಲಿ ಒಂದು ಹಡಗು, ಅದಕ್ಕೂ ಮೇಲೆ, ಮೂಲೆಯಲ್ಲಿ, ಒಂದು ಚಿಕ್ಕ ಬಾಕ್ಸ್. ಡರ್ಹಮ್‌ಗೆ ಸೇರಿದ ಒಂದು ತುಂಡು ನೆಲ ಬಹಳ ಉತ್ತರಕ್ಕೆ, ಬೇರೆ ಕೌಂಟಿಯೊಳಗೆ ಸಿಕ್ಕಿಕೊಂಡಿತ್ತಂತೆ. ಕಾಗದದ ಮೇಲೆ ಅಷ್ಟು ಮೇಲಕ್ಕೆ ಜಾಗವಿಲ್ಲದ್ದರಿಂದ ಅದನ್ನು ಕಿತ್ತು ತಂದು ಬಾಕ್ಸಿನೊಳಗೆ ಹಾಕಿ ಸಮುದ್ರದ ಮೇಲೆ ಕೂರಿಸಿದ್ದರು. ಗೆಳತಿಯ ತಾಯಿಯ ಹಳ್ಳಿ ಇದ್ದದ್ದು ಅದರಲ್ಲಿ. ತಾಯಿ ತೀರಿಕೊಂಡಾಗ ಇವಳಿಗೆ ಇನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ. ರಜೆ ಮುಗಿದು ಹಾಸ್ಟೆಲಿಗೆ ಹೊರಡುವಾಗ ಜೀಪು ಹತ್ತುವ ಮೊದಲು ಒಳಗೆ ಓಡಿಹೋಗಿ, ಕುರ್ಚಿ ಹತ್ತಿ, ಆ ಬಾಕ್ಸಿನ ಮೇಲೆ ಬೆರಳಿಟ್ಟು ಬರುತ್ತಿದ್ದಳು. ನಾನು ನಕ್ಕರೆ, “ನೀವು ಹೊರಡೋವಾಗ ಹಿರಿಯರ ಕಾಲು ಮುಟ್ಟಲ್ವೇನೇ? ಇದು ನಮ್ಮಮ್ಮನ ಕಾಲು,” ಎನ್ನುತ್ತಿದ್ದಳು. ಬೆರಳು ತಾಗಿ ತಾಗಿ ಅಲ್ಲಿ ಕಾಗದ ಕಂದಾಗಿತ್ತು.

ಹೋದ ಮಳೆಗಾಲಕ್ಕೆ ಮುಂಚೆ ಅವಳ ಮನೆಯ ಗೋಡೆಗೆ ಗೆದ್ದಲು ಹಿಡಿಯಿತು. ಮ್ಯಾಪನ್ನು ಸುರುಳಿ ಸುತ್ತಿ ಬಸ್ಸಿನಲ್ಲಿ ತಂದು ನನ್ನ ಕೈಗೆ ಕೊಟ್ಟಳು. “ಮಳೆಗಾಲ ಕಳೆಯೋವರೆಗೂ ಇಟ್ಕೊಂಡಿರು. ನಿಮ್ಮ ಮನೆ ಬೆಚ್ಚಗಿದೆ.”

ಬೀರುವಿನಲ್ಲಿಟ್ಟಿದ್ದರೆ ಮುಗಿಯುತ್ತಿತ್ತು. ನನಗೆ ಅದು ಗೋಡೆಯ ಮೇಲೆ ಬೇಕಾಯಿತು. ನಮ್ಮ ಮಾವನವರ ತಂದೆಯ ಫೋಟೋ ಬೂಷ್ಟು ಹಿಡಿದು ಹಾಳಾದ ಮೇಲೆ ಅದರ ಬೀಟೆ ಫ್ರೇಮು ಖಾಲಿ ಬಿದ್ದಿತ್ತು. ಮಳೆಗಾಲ ಕಳೆದರೂ ಅವಳು ಬಂದಿರಲಿಲ್ಲ, ಎರಡನ್ನೂ ಮೂರ್ನಾಡಿನ ಫ್ರೇಮಿನ ಅಂಗಡಿಗೆ ಕಳಿಸಿದೆ. ದೇವರ ಪಟ, ಮದುವೆ ಫೋಟೋ, ತೀರಿಕೊಂಡವರ ಫೋಟೋ, ಆ ಅಂಗಡಿಯವನಿಗೆ ಬರುವ ಕೆಲಸ ಇಷ್ಟೇ. ಕಾಫಿ ಪಿಕಿಂಗಿನ ದಿನ, ಅಂಗಳದಲ್ಲಿ ಹಣ್ಣಿನ ತೂಕ ನಡೆಯುತ್ತಿದ್ದಾಗ ಅವನು ಫೋನ್ ಮಾಡಿದ.

“ಅಮ್ಮ, ಇದು ನಿಮ್ಮ ಫ್ರೇಮಿಗೆ ಕೂರಲ್ಲ. ಹೊಸದು ಮಾಡ್ಲಾ?”

“ಬೇಡ, ಅದಕ್ಕೇ ಹಾಕಿ. ಸ್ವಲ್ಪ ಅಂಚು ತೆಗೆದ್ರಾಯ್ತು.”

“ಅಂಚು ಸಾಲ್ದಮ್ಮ. ಬಲಗಡೆ ಇಷ್ಟು ಕಟ್ ಮಾಡ್ಬೇಕು. ಆ ಕಡೆ ಊರು ಕೇರಿ ಏನಿಲ್ಲ. ಒಂದು ಹಡಗು, ಮತ್ತೆ ಮೇಲೆ ಏನೋ ಬಾಕ್ಸ್ ಥರ.”

ಬಾಕ್ಸ್ ಎಂದಾಗ ಏನೋ ನೆನಪಾಗುವಂತಾಯಿತು. ಅತ್ತ ತೋಟದ ಲೆಕ್ಕ ಬರೆಯುವ ರೈಟರ್ ತೂಕ ಕೂಗುತ್ತಿದ್ದ.

“ಬರೀ ಸಮುದ್ರ ತಾನೇ,” ಎಂದೆ. “ಹೋಗ್ಲಿ, ಕಟ್ ಮಾಡಿ.”

ಗೋಡೆಗೆ ಹಾಕಿ ಹಿಂದೆ ಸರಿದು ನೋಡಿದಾಗ ಎಷ್ಟು ಚೆನ್ನಾಗಿ ಕೂತಿದೆ ಎನ್ನಿಸಿತು. ಆಮೇಲೆ ಬಲಗಡೆಯ ಮೇಲಿನ ಮೂಲೆ ನೋಡಿದೆ. ತಕ್ಷಣ ಅಂಗಡಿಗೆ ಫೋನ್ ಮಾಡಿದೆ. ಕತ್ತರಿಸಿದ ತುಂಡುಗಳಿಂದಲೇ ಅವನು ಗೋಂದು ಕಾಯಿಸಲು ಒಲೆ ಹಚ್ಚುತ್ತಾನಂತೆ. ಅವನ ಮೇಲೆ ರೇಗಲು ನನಗೆ ಬಾಯಿ ಬರಲಿಲ್ಲ.

ಗೆಳತಿಗೆ ಆಗಲೇ ಹೇಳಬಹುದಿತ್ತು. ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ. ಮಂಡಿನೋವು, ಕಾಫಿಯ ರೇಟು, ಸತ್ತವರು, ಇದ್ದವರು ಎಲ್ಲ ಬಂದು ಹೋಯಿತು, ಇದೊಂದು ಬಾಯಿಗೆ ಬರಲಿಲ್ಲ. ಬಣ್ಣದ ಪೆನ್ಸಿಲ್ ತಂದು ಆ ಬಾಕ್ಸನ್ನು ನಾನೇ ಬರೆದು ಅಂಟಿಸೋಣವೇ ಎಂದೂ ಒಂದು ಸಂಜೆ ಯೋಚಿಸಿದೆ. ಬಾಕ್ಸಿನೊಳಗೆ ಒಂದು ನದಿ ಇತ್ತು, ಹಳ್ಳಿ ಅದರ ಯಾವ ದಡದಲ್ಲಿತ್ತೆಂದು ನನಗೆ ನೆನಪಿರಲಿಲ್ಲ.

ಪಿಕಿಂಗ್ ಮುಗಿದ ಮೇಲೆ ಅವಳು ಬಂದಳು. ಮ್ಯಾಪನ್ನು ಸುತ್ತಿಕೊಂಡು ಹೋಗಲು ಹಳೆಯ ಬೆಡ್‌ಶೀಟ್ ಒಂದನ್ನು ಚೀಲದಲ್ಲಿಟ್ಟು ತಂದಿದ್ದಳು. ಬಾಗಿಲಲ್ಲೇ ಶುರು ಮಾಡಿದಳು: “ಕಂಡಕ್ಟರು ‘ಮೇಡಮ್, ವೇರ್ ಗೋಯಿಂಗ್’ ಅಂತಾನೆ ಕಣೇ. ‘ನಿಮ್ಮತ್ತೆ ಮನೆಗೆ, ಚಿಲ್ಲರೆ ಕೊಡು’ ಅಂದೆ. ಬಸ್ಸೆಲ್ಲ ನಗು.”

ನಾನೂ ನಕ್ಕೆ. ಅವಳು ನಗುತ್ತಲೇ ಊಟದ ಕೋಣೆಗೆ ಬಂದಳು. ಫ್ರೇಮು ಕಂಡು, “ಅಬ್ಬ,” ಎಂದಳು. ಹತ್ತಿರ ಹೋದಳು. ಕೈ ತಾನಾಗಿ ಮೂಲೆಗೆ ಏರಿ ಬೀಟೆ ಮರಕ್ಕೆ ತಾಗಿತು. ಬೆರಳು ಅಂಚನ್ನೇ ಹಿಡಿದು ಕೆಳಗಿನವರೆಗೆ ಬಂತು.

“ಹಡಗೂ ಹೋಯ್ತಾ?” ಎಂದಳು.

ಎಲ್ಲ ಹೇಳಿದೆ. ಫೋನು, ಬಾಕ್ಸ್, ನಾನು ಆಡಿದ ಮಾತು.

“ಬರೀ ಸಮುದ್ರ ಅಂದ್ಯಾ?”

“ಅಂದೆ.”

ಅವಳು ಅಂಚಿನಿಂದ ಕೈ ತೆಗೆದಳು. “ಫ್ರೇಮು ಚೆನ್ನಾಗಿದೆ ಕಣೇ. ನಿಮ್ಮ ತಾತಂದಾ?”

ಊಟಕ್ಕೆ ಕುಳಿತೆವು. ಅಕ್ಕಿ ರೊಟ್ಟಿ ತೆಳ್ಳಗೆ ಬಂದಿದೆ ಎಂದಳು, ಎರಡನೆಯದನ್ನು ಹಾಕಿಸಿಕೊಂಡಳು, ಹಾಸ್ಟೆಲಿನ ಸಾರನ್ನು ಬೈದಳು. ಮ್ಯಾಪಿಗೆ ಬೆನ್ನು ಮಾಡಿ ಕುಳಿತಿದ್ದಳು. ಯಾವತ್ತೂ ಅವಳು ಎದುರಿನ ಕುರ್ಚಿಯಲ್ಲಿ ಕೂರುವವಳು.

ಬಸ್ಸಿನ ಹೊತ್ತಾಯಿತು. ನಾನು ಮ್ಯಾಪನ್ನು ಗೋಡೆಯಿಂದ ಇಳಿಸಲು ಹೋದೆ.

“ಇರ್ಲಿ ಬಿಡು. ನಿಮ್ಮ ಗೋಡೆಗೇ ಒಪ್ಪುತ್ತೆ.”

“ನಿನ್ನದು. ತಗೊಂಡು ಹೋಗು.”

“ಅದನ್ನ ತಗೊಂಡು ಹೋಗಿ ನಾನೇನು ಮಾಡ್ಲಿ, ಮಾರಾಯ್ತಿ?” ದನಿಯಲ್ಲಿ ಸಿಟ್ಟಿರಲಿಲ್ಲ.

ಅವಳು ಚೀಲದೊಳಗೆ ಕೊಡೆ ಹುಡುಕುವಾಗ ಬೆಡ್‌ಶೀಟು ಬಿಚ್ಚಿಕೊಂಡು ಹೊರಗೆ ಬಂತು. ಅವಳು ಎರಡು ತುದಿ ಹಿಡಿದಳು, ಇನ್ನೆರಡು ನಾನು ಹಿಡಿದೆ. ಹಾಸ್ಟೆಲಿನಲ್ಲಿ ದಿನಾ ಬೆಳಿಗ್ಗೆ ಮಡಚುತ್ತಿದ್ದ ಹಾಗೆ ಕೊಡವಿ, ಎಳೆದು, ಮಡಚುತ್ತ ಒಬ್ಬರ ಹತ್ತಿರ ಒಬ್ಬರು ಬಂದೆವು. ಕೊನೆಯ ಮಡಿಕೆಗೆ ನನ್ನ ಕೈಯಲ್ಲಿದ್ದ ತುದಿಗಳನ್ನು ಅವಳ ಕೈಗೆ ಕೊಟ್ಟೆ. ಅವಳು ಬಟ್ಟೆಯನ್ನೇ ನೋಡುತ್ತ ಅದನ್ನು ತೆಗೆದುಕೊಂಡಳು.