ನೀರಿನ ಬಗ್ಗೆ ಕೇಳಿದವಳು

ಸಮೀಕ್ಷೆಯ ಹುಡುಗಿ ಮೊದಲ ಸಲ ಬಂದಾಗ ಟೈಲರಕ್ಕ ಬಾಗಿಲನ್ನು ಅರ್ಧ ಮಾತ್ರ ತೆರೆದಳು. ಎಡಗೆನ್ನೆಯ ಊತ ಕಾಣದಿರಲೆಂದು ಬಲಗಡೆಯನ್ನಷ್ಟೇ ಹೊರಗೆ ತೋರಿಸಿದ್ದಳು. ಹುಡುಗಿಯ ಚಪ್ಪಲಿಯ ಬಾರು ಕಿತ್ತು ಪಿನ್ನಿನ ಆಸರೆಯಲ್ಲಿತ್ತು. ಕತ್ತಿನಲ್ಲಿ ಗುರುತಿನ ಕಾರ್ಡು ನೇತಾಡುತ್ತಿತ್ತು. ಬಿಸಿಲಿಗೆ ತುಟಿ ಒಣಗಿತ್ತು.

"ಮನೇಲಿ ಬೇರೆ ಯಾರಿದಾರಕ್ಕ?"

"ಹೊಲಿಗೆ ಮಿಷನ್ನು ಇದೆ. ಅದು ಚಾಡಿ ಹೇಳಲ್ಲ, ಬಾ."

ಹುಡುಗಿ ನಕ್ಕಳು. ಚೂರುಬಟ್ಟೆಗಳನ್ನು ಸರಿಸಿ ಸ್ಟೂಲಿನ ಮೇಲೆ ಕೂತು ದನಿ ತಗ್ಗಿಸಿದಳು. "ಮನೆಯೊಳಗಿನ ಹೊಡೆತ ಬಡಿತದ ಬಗ್ಗೆ ಕೇಳ್ತೀನಿ. ನಡುವೆ ಯಾರಾದ್ರೂ ಬಂದ್ರೆ ತಕ್ಷಣ ನೀರಿನ ವಿಷಯಕ್ಕೆ ಹಾರ್ತೀನಿ. ನೀವೂ ನೀರಿನ ಬಗ್ಗೆನೇ ಹೇಳಿ. ನಮ್ಮ ಪದ್ಧತಿ ಅದು."

ಪ್ರಶ್ನೆಗಳನ್ನು ಇದ್ದ ಹಾಗೇ ಓದಬೇಕು, ಸ್ವಂತದ್ದೇನೂ ಸೇರಿಸಬಾರದು ಎಂಬುದೂ ಅವಳ ಕೆಲಸದ ಪದ್ಧತಿಯೇ. ಗಂಡ ಹೊಡೆದದ್ದುಂಟೇ? ಒದ್ದದ್ದುಂಟೇ? ಟೈಲರಕ್ಕ ಗುಂಡಿ ಹೊಲಿಯುತ್ತಲೇ ಹೂಂಗುಟ್ಟಿದಳು, ಪಕ್ಕದ ಬೀದಿಯ ಸುದ್ದಿ ಕೇಳುವವಳಂತೆ. "ಕತ್ತು ಹಿಸುಕಿದ್ದುಂಟೇ?" ಎನ್ನುವಲ್ಲಿ ಮಾತ್ರ ಓದುವವಳ ಕೈ ತನ್ನದೇ ಕುತ್ತಿಗೆಗೆ ಹೋಯಿತು.

ಸೂಜಿ ನಿಂತಿತು. "ನಿನಗೂನಾ, ತಂಗಿ?"

"ನಮ್ಮಕ್ಕನಿಗೆ. ಅವಳು ಉಳೀಲಿಲ್ಲ." ಹೇಳಬಾರದ್ದನ್ನು ಹೇಳಿಬಿಟ್ಟೆನೆಂದು ಹುಡುಗಿ ನಾಲಿಗೆ ಕಚ್ಚಿಕೊಂಡಳು.

ಒದೆ ತಿಂದಾಗಲೂ ಅಳದ ಟೈಲರಕ್ಕನಿಗೆ, ಮುಖ ಕಾಣದ ಆ ಅಕ್ಕನಿಗಾಗಿ ಕಣ್ಣು ತುಂಬಿತು. ಅಷ್ಟರಲ್ಲಿ ಗ್ಯಾರೇಜಿನಿಂದ ಗಂಡ ಬಂದೇಬಿಟ್ಟ.

"ನಲ್ಲೀಲಿ ದಿನಾ ನೀರು ಬರುತ್ತಾ ಅಕ್ಕ?" ಹುಡುಗಿ ಥಟ್ಟನೆ ಕೇಳಿದಳು.

"ಬರುತ್ತೆ... ಬೆಳಿಗ್ಗೆ..." ಅನ್ನುವಾಗ ಟೈಲರಕ್ಕನ ಕಣ್ಣೀರು ಗಲ್ಲಕ್ಕಿಳಿಯಿತು.

ಗಂಡ ಇಬ್ಬರ ಮುಖವನ್ನೂ ನೋಡಿದ. "ನಲ್ಲಿ ನೀರಿನ ಮಾತಿಗೆ ಯಾರೇ ಅಳ್ತಾರೆ? ಏನೇ ಊದಿದ್ದು ನೀನು ಇವಳ ಕಿವೀಲಿ?" ಎಂದು ಚಿಲಕ ಜಡಿದ.

ಮೊದಲ ಏಟು ಹೆಂಡತಿಗೇ. ಅವಳ ತಲೆ ಮಿಷನ್ನಿನ ಚಕ್ರಕ್ಕೆ ಬಡಿದು ಹುಬ್ಬು ಸೀಳಿತು. "ಬಿಡ್ರೀ ಅವರನ್ನ!" ಎಂದು ಅಡ್ಡ ಬಂದ ಹುಡುಗಿಯನ್ನು ಗೋಡೆಗೆ ಒತ್ತಿ ಕುತ್ತಿಗೆಗೆ ಕೈ ಹಾಕಿದ. ಗ್ರೀಸು ಮೆತ್ತಿದ ಬೆರಳುಗಳು ಬಿಗಿದವು. ಹುಡುಗಿಯ ಹಿಮ್ಮಡಿ ಗೋಡೆಗೆ ಬಡಿದುಕೊಂಡಿತು, ಮುಖ ನೀಲಿಗಟ್ಟಿತು.

ಟೈಲರಕ್ಕ ತನ್ನ ಸಲುವಾಗಿ ಎಂದೂ ಕೈ ಎತ್ತಿದವಳಲ್ಲ. ಈಗ ಒಂದು ಕಣ್ಣಿಗೆ ರಕ್ತ ಇಳಿಯುತ್ತಿದ್ದಂತೆಯೇ, ಕಾಲರಿಗೆಂದು ಕಾಯಿಸಿಟ್ಟಿದ್ದ ಇಸ್ತ್ರಿಪೆಟ್ಟಿಗೆ ಎತ್ತಿ ಅವನ ಕತ್ತಿನ ಹಿಂದೆ ಒತ್ತಿದಳು. ಚರ್ಮ ಚುಯ್ಯೆಂದಿತು. ಊಳಿಡುತ್ತ ತಿರುಗಿದವನ ಬಾಯಿಗೆ ಅದರಿಂದಲೇ ಬಾರಿಸಿದಳು. ಹಲ್ಲು ಮುರಿದು ಅವನು ಚೂರುಬಟ್ಟೆಗಳ ಮೇಲೆ ಕುಸಿದ.

"ಓಡೇ, ತಂಗಿ!"

"ನಿಮ್ಮನ್ನ ಬಿಟ್ಟಾ? ಹೋಗಲ್ಲ." ಗೊಗ್ಗರು ದನಿಯಲ್ಲಿ ಅಂದ ಹುಡುಗಿ ಚಿಲಕ ತೆಗೆದು ಅವಳನ್ನು ಬೀದಿಗೆ ಎಳೆದೊಯ್ದಳು.

ಗಂಡ ಕೊಲೆಯತ್ನವೆಂದು ದೂರು ಕೊಟ್ಟ. ಹುಡುಗಿ ಕುತ್ತಿಗೆಯ ಕಂದು ಗುರುತು ತೋರಿಸಿ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದಳು. ತನ್ನಕ್ಕನ ಮಾತೆತ್ತಿ ಪದ್ಧತಿ ಮೀರಿದ್ದನ್ನೂ ಮುಚ್ಚಿಡಲಿಲ್ಲ, ಅದಕ್ಕೆ ಕೆಲಸ ಹೋಯಿತು. ಟೈಲರಕ್ಕ ಬಿಡುಗಡೆಯಾದಳು.

ಈಗ ಅವಳು ಆ ಹುಡುಗಿಯ ಮನೆಯ ಮುಂದಿನ ಕೋಣೆಯಲ್ಲಿದ್ದಾಳೆ. ಆಸ್ಪತ್ರೆಯೊಂದಕ್ಕೆ ದಿಂಬಿನ ಚೀಲ, ಹೊದಿಕೆ ಹೊಲಿದುಕೊಡುತ್ತಾಳೆ.