ಹಗೂರ ಕುರ್ಚಿ

ಮೊನ್ನೆ ಕಾರವಾರ ಪೇಟೆಯಲ್ಲಿ ಹೊಸದಾಗಿ ತೆರೆದ ಕುರ್ಚಿ-ಮೇಜಿನ ಅಂಗಡಿಗೆ ಹೋಗಿದ್ದೆ. ಹೋದದ್ದು ಕುರ್ಚಿ ಕೊಳ್ಳಲು, ಕೊಳ್ಳದೆ ಬಂದೆ. ಯಾಕೆಂದು ಹೇಳಿದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಅಂಗಡಿಯಾಕೆ ಒಂದು ಸಪೂರ ಕಾಲಿನ ಕುರ್ಚಿಯನ್ನು ಕಿರುಬೆರಳಲ್ಲಿ ಎತ್ತಿ, "ಇಟಾಲಿಯನ್ ಡಿಸೈನ್ ಮೇಡಂ, ಎಷ್ಟು ಲೈಟ್ ನೋಡಿ" ಅಂದಳು. "ನಮ್ಮನೇಲಿ ಇದೆ" ಅಂದೆ. ಅವಳು ನಂಬಲಿಲ್ಲ. ಹಟ್ಟಿಕೇರಿಯಲ್ಲಿ ಮಾಡಿದ್ದು ಅಂದಿದ್ದರೆ ಇನ್ನೂ ನಂಬುತ್ತಿರಲಿಲ್ಲ.

ಎಂಬತ್ತರ ದಶಕದ ಮಾತು. ನಮ್ಮ ಮನೆ ಅಂಕೋಲೆಯಲ್ಲಿ, ಅಪ್ಪ ಕಾರವಾರದ ಬಂದರು ಕಚೇರಿಯಲ್ಲಿ ಗುಮಾಸ್ತ. ಮನೆಯಲ್ಲಿ ಕುರ್ಚಿ ಅಂತ ಇದ್ದದ್ದು ಒಂದೇ. ಅಜ್ಜನ ಕಾಲದ್ದು, ಇಬ್ಬರು ಹಿಡಿದರೂ ಜಗ್ಗದಷ್ಟು ಭಾರ. ಅದರ ಕಾಲನ್ನು ಒಳಗಿಂದೊಳಗೇ ಗೆದ್ದಲು ತಿಂದು ಮುಗಿಸಿದೆ ಎಂದು ಗೊತ್ತಾದದ್ದು, ನನ್ನನ್ನು ನೋಡಲು ಬಂದ ಮೊದಲ ಗಂಡಿನ ಅಜ್ಜ ಅದರ ಮೇಲೆ ಕೂತಾಗ. ಅಜ್ಜನಿಗೆ ಪೆಟ್ಟಾಗಲಿಲ್ಲ, ಸಂಬಂಧಕ್ಕೆ ಆಯಿತು. "ಅಪಶಕುನ" ಎಂದು ಒಂದೇ ಮಾತು ಹೇಳಿ, ಅವಲಕ್ಕಿಯನ್ನೂ ಮುಟ್ಟದೆ ಎದ್ದು ಹೋದರು. ನನಗೇನೂ ಬೇಸರವಾಗಲಿಲ್ಲ. ಆ ಗಂಡಿನ ಮುಖ ಈಗ ನೆನಪಿಲ್ಲ, ಅವಲಕ್ಕಿ ಉಳಿದದ್ದು ನೆನಪಿದೆ. ನನ್ನ ಹೆತ್ತ ಆಯಿ ಮಾತ್ರ, "ಇನ್ನು ಹೊಸ ಕುರ್ಚಿ ಬಂದ್ ಮೇಲೇ ಈ ಮನೆಗೆ ಗಂಡು ಬರೂದು" ಎಂದು ಹಟ ಹಿಡಿದಳು.

ಅದೇ ಸುಮಾರಿಗೆ ಬಂದರಿಗೆ ಬಂದ ಯಾವುದೋ ಪರದೇಶದ ಹಡಗಿನವರು ಬಿಟ್ಟುಹೋದ ಇಂಗ್ಲಿಷ್ ಪತ್ರಿಕೆಯೊಂದನ್ನು ಅಪ್ಪ ಮನೆಗೆ ತಂದ. ಪುಸ್ತಕಕ್ಕೆ ಹೊದಿಕೆ ಹಾಕಲು ಒಳ್ಳೆಯ ಕಾಗದ. ಅದರಲ್ಲಿ ಇಟಲಿಯ ಒಬ್ಬ ವಾಸ್ತುಶಿಲ್ಪಿಯ ಬಗ್ಗೆ ಲೇಖನವಿತ್ತು. ಆತ ಅಷ್ಟರಲ್ಲಿ ತೀರಿಕೊಂಡಿದ್ದ. ಮುಗಿಲೆತ್ತರದ ಕಟ್ಟಡ ಕಟ್ಟಿದವನು, ವರ್ಷಗಟ್ಟಲೆ ತಲೆ ಕೆಡಿಸಿಕೊಂಡದ್ದು ಮಾತ್ರ ಒಂದು ಕುರ್ಚಿಗೆ. ಅವರ ಕಡಲತೀರದ ಬಡಗಿಗಳು ಮೊದಲಿಂದ ಮಾಡುತ್ತಿದ್ದ ಕುರ್ಚಿಯನ್ನೇ ಮುಂದಿಟ್ಟುಕೊಂಡು, ಇಲ್ಲೊಂದಿಷ್ಟು ಅಲ್ಲೊಂದಿಷ್ಟು ತೆಗೆದು, ಕೊನೆಗೆ ಒಂದೇ ಬೆರಳಲ್ಲಿ ಎತ್ತುವ ಹಾಗೆ ಮಾಡಿದನಂತೆ. ಮಾಳಿಗೆಯಿಂದ ಕೆಳಗೆ ಎಸೆದರೂ ಮುರಿಯಲಿಲ್ಲವಂತೆ. ನಾನು ಓದಿ ಹೇಳಿದೆ. ಅಪ್ಪನಿಗೆ ಉಳಿದದ್ದೆಲ್ಲ ಹೋಯಿತು, "ಮುರಿಯಲಿಲ್ಲ" ಅನ್ನುವುದೊಂದು ಹಿಡಿಯಿತು.

ಅಂಥದೇ ಮಾಡಿಸಲು ಹೊರಟರೆ, ಅಂಕೋಲೆಯ ಆಚಾರಿಗಳು ಪತ್ರಿಕೆಯ ಚಿತ್ರ ನೋಡಿಯೇ ಕೈಮುಗಿದರು. ಕೊನೆಗೆ ಸಿಕ್ಕವನು ಹಟ್ಟಿಕೇರಿ ಹೊಳೆಯ ದಂಡೆಯಲ್ಲಿ ದೋಣಿ ಕಟ್ಟುವ ಗಣಪು ಆಚಾರಿ. ಅವನು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಇಂವ ಯಾರೋ ಹುಟ್ಟು ಮಾಡೂಕೆ ಕಲ್ತಾಂವ" ಅಂದ. ದೋಣಿಯ ಹುಟ್ಟಿಗೆ ಭಾರವೂ ಇರಬಾರದು, ಅದು ಮುರಿಯಲೂ ಬಾರದು. ಇಟಲಿಯವನನ್ನು ಅಷ್ಟು ಬೇಗ ಅರ್ಥ ಮಾಡಿಕೊಂಡವರನ್ನು ನಾನು ಬೇರೆ ಕಂಡಿಲ್ಲ.

"ಆಚಾರೀ, ಕುರ್ಚಿ ಹಗೂರ ಆಗ್ಬೇಕು ನೋಡು. ಅದೇ ಮುಖ್ಯ" ಅಂದ ಅಪ್ಪ.

"ಆಯ್ತು ಸಾಹೇಬ್ರೇ. ಹಗೂರಕೇ ಆಗ್ಲಿ."

ಇಲ್ಲಿ ನಮ್ಮ ಕಡೆಯ ಒಂದು ಗುಟ್ಟು ನಿಮಗೆ ಹೇಳಬೇಕು. ಪುಸ್ತಕದಲ್ಲಿ ಹಗುರ ಅಂದರೆ ಭಾರವಿಲ್ಲದ್ದು. ನಮ್ಮ ಬಾಯಲ್ಲಿ ಹಗೂರ ಅಂದರೆ ಮೆಲ್ಲಗೆ, ನಿಧಾನವಾಗಿ. ಹಗೂರ ನಡೆ, ಹಗೂರ ಇಳಿ, ಚಾ ಬಿಸಿ ಉಂಟು ಹಗೂರ ಕುಡಿ. ಅಪ್ಪನಿಗೂ ಇದು ಗೊತ್ತಿಲ್ಲದ್ದಲ್ಲ. ಅವತ್ತು ಅವನ ತಲೆಯಲ್ಲಿ ಇಂಗ್ಲಿಷ್ ಪತ್ರಿಕೆ ಕೂತಿತ್ತು, ಅಷ್ಟೆ.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಬಸ್ಸು ಹಟ್ಟಿಕೇರಿ ದಾಟುವಾಗ ಅಪ್ಪ ಕಿಟಕಿಯಿಂದ ಕತ್ತು ಚಾಚುತ್ತಿದ್ದ. ಅದೇ ಬಸ್ಸಿನಲ್ಲಿ ಕಾರವಾರದ ಕಾಲೇಜಿಗೆ ಹೋಗುವ ನನ್ನ ಕಣ್ಣು ಮಾತ್ರ ಮುಂದಿನ ಅಮದಳ್ಳಿಯ ಮೇಲೆ. ಅಲ್ಲಿ ಉದ್ದನೆಯ ಮಾಸ್ತರರೊಬ್ಬರು ಹತ್ತುತ್ತಿದ್ದರು. ಅವರು ನನ್ನ ಹತ್ತಿರ ಮಾತಾಡಿದ್ದು ಒಂದೇ ಸಲ, "ಕಿಟಕಿ ಹಾಕ್ಲಾ? ಮಳೆ ಹೊಡಿತದೆ" ಎಂದು. ಅಷ್ಟರಿಂದಲೇ ನಾನು ಮನೆ, ಸಂಸಾರ ಎಲ್ಲ ಕಟ್ಟಿ ಮುಗಿಸಿದ್ದೆ. ಆ ಮಳೆಗಾಲ ಮುಗಿಯುವಷ್ಟರಲ್ಲಿ ಅವರ ಮನೆಯಿಂದಲೇ ಹೆಣ್ಣು ಕೇಳಿಕೊಂಡು ಬಂದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬರುವ ಭಾನುವಾರ ನೋಡಲು ಬರುತ್ತಾರೆ, ಹುಡುಗನ ಸೋದರಮಾವನೂ ಬರುತ್ತಾರೆ ಎಂದರು. ಆ ಮಾವ ಹತ್ತಿದ ರಿಕ್ಷಾದಲ್ಲಿ ಎರಡನೆಯವರಿಗೆ ಜಾಗವಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ನನಗೆ ನಿದ್ದೆ ಹಾರಿಹೋಯಿತು. ಆಚಾರಿಗೆ ಕುರ್ಚಿ ಹೇಳಿ ಎಂಟು ತಿಂಗಳಾಗಿತ್ತು.

ಶನಿವಾರ ಅಪ್ಪನ ಜೊತೆ ನಾನೂ ಹಟ್ಟಿಕೇರಿಯಲ್ಲಿ ಇಳಿದೆ. ಆಚಾರಿ ಗಾಜಿನ ಚೂರು ಹಿಡಿದು ಕುರ್ಚಿಯ ಕಾಲು ಹೆರೆಯುತ್ತ ಕೂತಿದ್ದ.

"ಎಂಟ್ ತಿಂಗ್ಳಾಯ್ತಲ್ಲೋ ಮಾರಾಯಾ! ಒಂದ್ ಕುರ್ಚಿಗೆ?"

"ನೀವೇ ಹೇಳಿದ್ರಲ್ರಾ ಹಗೂರ ಆಗ್ಬೇಕು ಅಂತ! ಹಗೂರ ಮಾಡ್ತೇ ಇದ್ದೆ. ಗಡಿಬಿಡಿ ಇದ್ರೆ ಮೊದ್ಲೇ ಹೇಳೂದಲ್ವಾ?"

ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಆಚಾರಿ ಮಾಡಿದ್ದು ಇಷ್ಟು: ಹುಟ್ಟಿಗೆಂದು ಇಟ್ಟ ಮರ ತೆಗೆದು, ಮನಸ್ಸು ಬಂದಾಗ ಒಂದಿಷ್ಟು ಹೆರೆದು, ಒಲೆಯ ಮೇಲಿನ ಅಟ್ಟದಲ್ಲಿ ಮಳೆಗಾಲವಿಡೀ ಒಣಗಿಸಿ, ಮತ್ತೆ ಹೆರೆದು. ಕೂರುವಲ್ಲಿ ಬಲೆ ಹೆಣೆಯುವ ನೀಲಿ ನೂಲು. "ಎತ್ತು ತಂಗೀ" ಅಂದ. ಒಂದು ಬೆರಳು ಹಾಕಿದೆ, ಎದ್ದು ಬಂತು. ಹಗೂರ ಮಾಡಿದ್ದಕ್ಕೇ ಹಗುರವಾಗಿತ್ತು. ಅಪ್ಪನ ಮುಖ ಮಾತ್ರ ಇನ್ನಷ್ಟು ಬಾಡಿತು. ಇಷ್ಟು ಸಪೂರದ ಮೇಲೆ ಅಷ್ಟು ದೊಡ್ಡ ಮಾವ?

ಭಾನುವಾರ ಮಾವ ಬಾಗಿಲು ದಾಟಿದ್ದೇ ಬೆಂಚು, ಚಾಪೆ ಎಲ್ಲ ಬಿಟ್ಟು ನೇರ ನೀಲಿ ಕುರ್ಚಿಗೆ ನಡೆದರು. ಆಯಿ ದೇವರ ಕೋಣೆಯತ್ತ ತಿರುಗಿದಳು. ಚಾ ಕುಡಿಯುವ ನೆಪದಲ್ಲಿ ಬಂದಿದ್ದ ಆಚಾರಿ ಹಿತ್ತಲ ಬಾಗಿಲಿಂದ, "ಹಗೂರ ರಾಯ್ರೇ, ಹಗೂರ!" ಅಂದ. ಮಾವ ಕೂತರು. ಕಿರ್ರ್ ಎಂದಿತು. ನೂಲು ಒಂದಿಷ್ಟು ಜಗ್ಗಿತು.

ತಟ್ಟೆ ಹಿಡಿದು ನಿಂತ ನಾನು ಧೈರ್ಯ ಮಾಡಿ ಮಾಸ್ತರರ ಕಡೆ ನೋಡಿದೆ. ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ. ಬೆವತು ನೀರಾಗಿ, ಉಸಿರು ಬಿಗಿಹಿಡಿದು ಕುರ್ಚಿಯ ಕಾಲನ್ನೇ ನೋಡುತ್ತಿದ್ದರು. ಹಿಂದಿನ ಅಪಶಕುನದ ಸುದ್ದಿ ಅವರಿಗೂ ಮುಟ್ಟಿತ್ತು. ಹೆಣ್ಣು ನೋಡಲು ಬಂದವರು ಕುರ್ಚಿ ನೋಡುತ್ತಿದ್ದರು, ಯಾಕೆಂದರೆ ಅವರಿಗೂ ನಾನು ಬೇಕಾಗಿದ್ದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿಲ್ಲ.

ಕುರ್ಚಿ ನಿಂತಿತು. ಮಾವ ಎರಡು ತಟ್ಟೆ ಅವಲಕ್ಕಿ ತಿಂದರು, ಅದಾದ ಮೇಲೂ ನಿಂತಿತು. ಕೊನೆಗೆ ಎದ್ದು, ಒಂದು ಬೆರಳಲ್ಲಿ ಅದನ್ನೆತ್ತಿ, ಮನೆಮಾತು ಕೊಂಕಣಿಯಲ್ಲಿ "ಬರೇ ಆಸಾ!" ಎಂದು ಮೆಚ್ಚಿ, ಅಪ್ಪನನ್ನು ಕೇಳಿದರು, "ಹುಡುಗಿ ಸಂಗ್ತಿಗೆ ಇದೂ ಬರೂದಾ?"

ಬಂತು. ತೊಂಬತ್ತರ ಹೊತ್ತಿಗೆ ಹೊಳೆಗೆ ಫೈಬರ್ ದೋಣಿಗಳು ಬಂದು ಆಚಾರಿಯ ಕೈಗೆ ಕೆಲಸ ತಪ್ಪಿದಾಗ, ಅವನು ಇಂಥವೇ ಇನ್ನೂ ಐದಾರು ಮಾಡಿದ. ಹಟ್ಟಿಕೇರಿಯಿಂದ ಅಮದಳ್ಳಿಯವರೆಗೆ ಅವಕ್ಕೆ 'ಹಗೂರ ಕುರ್ಚಿ' ಎಂದೇ ಹೆಸರು. ಇಟಲಿಯ ಆ ಪುಣ್ಯಾತ್ಮನ ಹೆಸರು ಯಾರಿಗೂ ಬೇಕಾಗಲಿಲ್ಲ. ಕಡಲತೀರದ ಬಡಗಿಯಿಂದ ಅವನು ತೆಗೆದುಕೊಂಡದ್ದು ಇನ್ನೊಂದು ಕಡಲತೀರದ ಬಡಗಿಗೆ ಬಂದು ಸೇರಿತು, ಲೆಕ್ಕ ಸರಿಯಾಯಿತು.

ಮೊನ್ನೆ ಅಂಗಡಿಗೆ ಹೋದದ್ದೂ ಆ ಕುರ್ಚಿಯ ದೆಸೆಯಿಂದಲೇ. ನೀಲಿ ನೂಲು ಎರಡು ಕಡೆ ಹರಿದಿದೆ, ಸಾಕು, ಹೊರಗಿಡೋಣ ಅಂದುಕೊಂಡಿದ್ದೆ. ಮನೆಗೆ ಬಂದರೆ ಇವರು, ಈಗ ಥೇಟ್ ಮಾವನಷ್ಟೇ ಗಾತ್ರ, ಪೇಪರ್ ಹಿಡಿದು ಅದರಲ್ಲೇ ಕೂರಲು ಬಗ್ಗಿದ್ದರು.

"ಹಗೂರ!" ಅಂದೆ ಬಾಗಿಲಿಂದಲೇ.

ಅವರು ಅರ್ಧಕ್ಕೇ ನಿಂತು ಕುರ್ಚಿಯ ಕಾಲು ನೋಡಿದರು. ಆಮೇಲೆ ನನ್ನನ್ನು ನೋಡಿ ನಕ್ಕರು.

"ಹೊಸ ಕುರ್ಚಿ ಎಲ್ಲಿ?"

"ತರ್ಲಿಲ್ಲ. ನೂಲು ತಂದೆ." ಬಲೆ ಸಾಮಾನಿನ ಅಂಗಡಿಯಿಂದ ತಂದ ನೀಲಿ ಉಂಡೆಯನ್ನು ಚೀಲದಿಂದ ತೆಗೆದೆ.

"ಹೆಣೆಯೂದು ಯಾವಾಗ?"

"ಹಗೂರ" ಅಂದೆ.